ಗಂಜಿನ ಮಾತು ಯಾರ ಮಾತು?

ಬೀದರಿನ ಗಾಂಧಿ ಗಂಜಿಗೆ ತೊಗರಿ ಬರುವ ದಿನಗಳಲ್ಲಿ ಯಾವುದಾದರೊಂದು ಅಡತಿ ಅಂಗಡಿಯ ಮುಂದೆ ಅರ್ಧ ತಾಸು ನಿಂತರೆ ಇಂಥ ಮಾತು ಕಿವಿಗೆ ಬೀಳದೆ ಇರದು. ಔರಾದ ಕಡೆಯ ರೈತನೊಬ್ಬ ಕೇಳುತ್ತಾನೆ: "ಸಾವಕಾರ್ರೆ, ಇವತ್ತ ತೊಗರಿ ಭಾವ ಏನ್ ನಡದದ್ರಿ?" ಒಳಗಿನಿಂದ ಉತ್ತರ ಬರುತ್ತದೆ: "ಮಾಲ ನೋಡೇ ಹೇಳ್ಬೇಕಲ್ಲೋ ತಮ್ಮಾ. ನಮೂನಾ ತಂದೀದಿ ಏನು?" ರೈತ ಚೀಲದ ಬಾಯಿ ಬಿಚ್ಚುತ್ತ ಹೇಳುತ್ತಾನೆ: "ತಂದೀನ್ರಿ. ಹಳೀ ಬಾಕಿ ಜಮಾ ಮಾಡ್ಕೊಂಡು ಉಳದದ್ದು ರೊಕ್ಕಾ ಕೊಡ್ರಿ. ಜರಾ ಜಲ್ದಿ ಊರಿಗಿ ಹೋಗಬೇಕಾಗ್ಯದ."

ಇಲ್ಲಿ ಆಡಿದವನು ಲಿಂಗಾಯತನೋ, ಮರಾಠನೋ, ದಲಿತನೋ, ಮುಸ್ಲಿಮನೋ ಎಂದು ಮಾತಿನಿಂದ ಪತ್ತೆ ಹಚ್ಚುವುದು ಸುಲಭವಲ್ಲ. ಆದರೆ ಇದೇ ಮಾತನ್ನು ಆ ರೈತನ ಮಗ ಶಾಲೆಯ ಪ್ರಬಂಧದಲ್ಲಿ ಬರೆದರೆ ಅದರ ಅರ್ಧದಷ್ಟು ಪದಗಳ ಕೆಳಗೆ ಕೆಂಪು ಗೆರೆ ಬೀಳುತ್ತದೆ. 'ಭಾವ' ತಪ್ಪು, 'ಬೆಲೆ' ಸರಿ. 'ರೊಕ್ಕ' ತಪ್ಪು, 'ಹಣ' ಸರಿ. 'ಜಲ್ದಿ' ಕನ್ನಡವೇ ಅಲ್ಲ. ಬೆಂಗಳೂರಿಗೆ ಓದಲು, ದುಡಿಯಲು ಹೋದ ನಮ್ಮ ಕಡೆಯ ಹುಡುಗರು ಒಂದು ಪ್ರಶ್ನೆಯನ್ನು ಮತ್ತೆ ಮತ್ತೆ ಎದುರಿಸುತ್ತಾರೆ: "ನೀವು ಮಾತಾಡೋದು ಕನ್ನಡಾನಾ, ಉರ್ದೂನಾ?" ಈ ಪ್ರಶ್ನೆಯ ಹಿಂದೆ ಇರುವ ಭಾಷೆಯ ಕಲ್ಪನೆಯನ್ನು ಪರಿಶೀಲಿಸುವುದು ಈ ಬರಹದ ಉದ್ದೇಶ. ಪದಗಳ ಮೂಲ ಹುಡುಕುವುದು ವಿದ್ವಾಂಸರ ಬಿಡುವಿನ ವಿನೋದವೆಂದು ನಾವು ಭಾವಿಸಿದ್ದೇವೆ. ಆದರೆ ಒಂದು ಪದ ಎಲ್ಲಿಂದ ಬಂತು ಎಂಬ ಪ್ರಶ್ನೆ, ಅದನ್ನಾಡುವವನು ಎಲ್ಲಿಯವನು ಎಂಬ ಪ್ರಶ್ನೆಯಾಗಿ ಮಾರ್ಪಡುವುದಕ್ಕೆ ಹೆಚ್ಚು ಹೊತ್ತು ಬೇಡ.

ಮೊದಲು ಮೇಲಿನ ಸಂಭಾಷಣೆಯನ್ನೇ ತೂಗಿ ನೋಡೋಣ. ಮಾಲು, ಬಾಕಿ, ಜಮಾ ಅರಬಿ ಮೂಲದವು. ನಮೂನಾ, ಜಲ್ದಿ ಫಾರಸಿಯವು. 'ಭಾವ' ಸಂಸ್ಕೃತದ್ದೇ; ಹಿಂದಿ, ಮರಾಠಿಗಳಲ್ಲಿ ಧಾರಣೆ ಎಂಬ ಅರ್ಥ ಪಡೆದು ಇಲ್ಲಿಗೆ ಬಂದಿದೆ. 'ರೊಕ್ಕ' ಪ್ರಾಕೃತದ್ದು. 'ತೊಗರಿ' ಅಪ್ಪಟ ದ್ರಾವಿಡ. ಉತ್ತರದವರ 'ತುವರ್' ಕೂಡ ಇದೇ ಬಳಗದ್ದು. ಇನ್ನು 'ಜರಾ' ಎಂಬುದು ಕಣ ಎಂಬರ್ಥದ ಅರಬಿ ಪದದಿಂದ ಹುಟ್ಟಿದ್ದು. ಕುರ್‌ಆನಿನ 99ನೆಯ ಅಧ್ಯಾಯದಲ್ಲಿ ಅಣುವಿನಷ್ಟು ಒಳಿತು, ಅಣುವಿನಷ್ಟು ಕೆಡುಕು ತೂಗಲ್ಪಡುವ ಮಾತು ಬರುತ್ತದಲ್ಲ, ಆ ಅಣುವೇ ಇದು. ಗಂಜಿನ ರೈತನ ಬಾಯಲ್ಲಿ ಅದು 'ಸ್ವಲ್ಪ' ಎಂದಾಗಿದೆ.

ಈಗ ಕ್ರಿಯಾಪದಗಳನ್ನು ನೋಡಿ. ನಡೆ, ನೋಡು, ಹೇಳು, ತರು, ಮಾಡು, ಉಳಿ, ಕೊಡು, ಹೋಗು. ಒಂದೂ ಹೊರಗಿನದಲ್ಲ. ವಿಭಕ್ತಿಗಳು ಕನ್ನಡದವು. 'ರಿ' ಎಂಬ ಗೌರವ ಕನ್ನಡದ್ದು. ವಾಕ್ಯದ ಎಲುಬು ಕನ್ನಡದ್ದು. ಆಡುವವನಿಗೆ ಯಾವ ಪದ ಎಲ್ಲಿಯದೆಂಬ ಅರಿವೂ ಇಲ್ಲ, ಅಗತ್ಯವೂ ಇಲ್ಲ. ಅವನ ಪಾಲಿಗೆ ಅದು ಅಪ್ಪ ಆಡಿದ ಮಾತು.

ಅನ್ಯದೇಶ್ಯ ಎಂಬ ಹಣೆಪಟ್ಟಿ

ನಮ್ಮ ಶಾಲಾ ವ್ಯಾಕರಣಗಳು ಕನ್ನಡದ ಪದಗಳನ್ನು ದೇಶ್ಯ, ತತ್ಸಮ, ತದ್ಭವ, ಅನ್ಯದೇಶ್ಯ ಎಂದು ವಿಂಗಡಿಸಿ ಕಲಿಸುತ್ತವೆ. ಸಂಸ್ಕೃತದಿಂದ ಇದ್ದ ಹಾಗೆಯೇ ಬಂದದ್ದು ತತ್ಸಮ, ರೂಪ ಬದಲಿಸಿ ಬಂದದ್ದು ತದ್ಭವ. ಅರಬಿ, ಫಾರಸಿ, ಪೋರ್ಚುಗೀಸ್, ಇಂಗ್ಲಿಷ್‌ಗಳಿಂದ ಬಂದದ್ದು ಮಾತ್ರ 'ಅನ್ಯದೇಶ್ಯ'. ಎರಡೂ ಎರವಲೇ. ಆದರೆ ಒಂದು ಎರವಲಿಗೆ 'ಅದಕ್ಕೆ ಸಮ' ಎಂಬ ಮರ್ಯಾದೆಯ ಹೆಸರು, ಇನ್ನೊಂದಕ್ಕೆ 'ಬೇರೆ ದೇಶದ್ದು' ಎಂಬ ಹಣೆಪಟ್ಟಿ. 13ನೆಯ ಶತಮಾನದ ಕೇಶಿರಾಜನನ್ನು ಇದಕ್ಕಾಗಿ ದೂರುವುದು ಸಲ್ಲ. ಅವನು ಶಬ್ದಮಣಿದರ್ಪಣ ಬರೆದಾಗ ಬಹಮನಿ ರಾಜ್ಯ ಇನ್ನೂ ಹುಟ್ಟಿರಲಿಲ್ಲ. ಆದರೆ ಆಮೇಲಿನ ಏಳು ನೂರು ವರ್ಷಗಳಲ್ಲಿ ಕನ್ನಡಕ್ಕೆ ಬಂದು ಸೇರಿದ್ದನ್ನೆಲ್ಲ ಒಂದೇ ಮೂಲೆಯ ಡಬ್ಬಿಗೆ ಹಾಕಿದ ಆಧುನಿಕ ವ್ಯಾಕರಣಗಳನ್ನು ಪ್ರಶ್ನಿಸಲೇಬೇಕಾಗುತ್ತದೆ.

ವಿಚಿತ್ರವೆಂದರೆ ಈ ಹಣೆಪಟ್ಟಿ ಎಲ್ಲ ಪದಗಳಿಗೂ ಸಮನಾಗಿ ಅಂಟುವುದಿಲ್ಲ. ಸರ್ಕಾರ, ಜಿಲ್ಲೆ, ತಾಲೂಕು, ಅರ್ಜಿ, ವಕೀಲ, ಜಮೀನು ಎಂದು ಬರೆಯುವಾಗ ಯಾರೂ ಹಿಂಜರಿಯುವುದಿಲ್ಲ. ಇವೆಲ್ಲ ಅರಬಿ, ಫಾರಸಿಯವೇ. ಆದರೆ ಬೀದರಿನವನು 'ದುಕಾನ' ಎಂದರೆ ಅದು ಉರ್ದು! ಬರೆಯುವವರ ಕಚೇರಿಗೆ ಬೇಕಾದ ಪದ ಕನ್ನಡವಾಯಿತು, ದುಡಿಯುವವರ ಬಜಾರಿನ ಪದ ಪರಕೀಯವಾಗಿ ಉಳಿಯಿತು. ಹೀಗೆ ನೋಡಿದರೆ ಇದು ಅರಬಿ, ಸಂಸ್ಕೃತಗಳ ಜಗಳವೇ ಅಲ್ಲ. ಯಾರು ಆಡುವ ಪದ ಎಂಬುದೇ ಇಲ್ಲಿ ತೀರ್ಮಾನದ ಅಂಶ.

ಕೃಷಿ ಇಲಾಖೆಯ ಭಾಷೆಯಲ್ಲಿ ಇದಕ್ಕೊಂದು ಸ್ವಾರಸ್ಯದ ಉದಾಹರಣೆ ಇದೆ. ಗಂಜಿನವರು ಖರೀಫ್, ರಬಿ ಎನ್ನುತ್ತಾರೆ. ಎರಡೂ ಅರಬಿ, ಒಂದು ಶರತ್ಕಾಲ, ಇನ್ನೊಂದು ವಸಂತ. ನಾವು ರಬೀಉಲ್ ಅವ್ವಲ್ ಎಂದು ತಿಂಗಳ ಹೆಸರಿನಲ್ಲಿ ಕೇಳುವ ರಬೀ ಇದೇ. ಇದನ್ನು ಬಿಟ್ಟು ಅಚ್ಚಗನ್ನಡದಲ್ಲಿ ಬರೆಯಬೇಕೆಂದು ಪ್ರಕಟಣೆಗಳು 'ಮುಂಗಾರು ಹಂಗಾಮು', 'ಹಿಂಗಾರು ಹಂಗಾಮು' ಎನ್ನುತ್ತವೆ. ಮುಂಗಾರು ಎಂಬುದು ಸುಂದರವಾದ ಕನ್ನಡ ಪದ, ಸಂಶಯವಿಲ್ಲ. ಆದರೆ ಅದರ ಪಕ್ಕದ 'ಹಂಗಾಮು' ಫಾರಸಿಯದು. ಕಾಲ, ಸಮಯ ಎಂಬ ಅರ್ಥದ್ದು. 'ಹಂಗಾಮಿ ಸಭಾಪತಿ' ಎನ್ನುವಾಗ ಬರುವ ಹಂಗಾಮಿಯೂ ಅದರದೇ ಕುಡಿ. ಒಂದು ಬಾಗಿಲಿನಿಂದ ಹೊರಗೆ ಕಳಿಸಿದ ನೆಂಟ ಇನ್ನೊಂದು ಬಾಗಿಲಲ್ಲಿ ಒಳಗೇ ಕೂತಿದ್ದಾನೆ, ಮನೆಯವರಿಗೆ ಗುರುತು ಸಿಕ್ಕಿಲ್ಲ ಅಷ್ಟೇ.

ಒಂದೇ ತವರು, ಎರಡು ದಾರಿ

ಗಂಜಿನ ವ್ಯವಹಾರದಲ್ಲಿ ಕೂಗಿ ಬೆಲೆ ಏರಿಸುವ ಪದ್ಧತಿಗೆ ಎರಡು ಹೆಸರುಗಳಿವೆ. ಪತ್ರಿಕೆಗಳ ಕನ್ನಡದಲ್ಲಿ ಅದು 'ಹರಾಜು'. ಬೀದರ, ಕಲಬುರಗಿ, ಬೆಳಗಾವಿ ಕಡೆಯ ಆಡುಮಾತಿನಲ್ಲಿ 'ಲಿಲಾವು'. ಮೊದಲನೆಯದು ಶಿಷ್ಟ, ಎರಡನೆಯದು ಗ್ರಾಮ್ಯ ಎಂದು ನಂಬಿದ್ದೇವೆ. ಇವುಗಳ ಪ್ರವಾಸವನ್ನು ಹಿಂಬಾಲಿಸಿದರೆ ಬೇರೆಯೇ ಕತೆ ಸಿಗುತ್ತದೆ. 'ಹರಾಜು' ಅರಬಿಯ ಹರಾಜ್. ಅದು ಫಾರಸಿ, ಉರ್ದುಗಳ ನೆಲದಾರಿಯಲ್ಲಿ ಕನ್ನಡಕ್ಕೆ ಬಂತು. 'ಲಿಲಾವು' ಮರಾಠಿಯಿಂದ ಬಂದದ್ದು, ಮರಾಠಿಗೆ ಅದು ಗೋವೆ, ಕೊಂಕಣ ತೀರಗಳ ಪೋರ್ಚುಗೀಸರಿಂದ ಬಂದದ್ದು, ಪೋರ್ಚುಗೀಸರ 'ಲೈಲಾವ್' ಎಂಬ ಪದಕ್ಕೆ ಮೂಲ ಅರಬಿಯೇ ಎಂಬುದು ನಿಘಂಟುಕಾರರ ಅಭಿಪ್ರಾಯ. ಅರಬರು ಆಳಿದ ಐಬೀರಿಯಾದಲ್ಲಿ ಬೇರೂರಿದ ಪದ ಹಡಗು ಹತ್ತಿ ಬಂದು, ಘಟ್ಟ ಏರಿ ಬೀದರಿನ ಗಂಜಿಗೆ ಸೇರಿತು. ಒಂದೇ ತವರಿನ ಇಬ್ಬರು ಅಕ್ಕತಂಗಿಯರು ಬೇರೆ ಬೇರೆ ದಾರಿಯಲ್ಲಿ ಒಂದೇ ಊರಿಗೆ ಸೊಸೆಯರಾಗಿ ಬಂದ ಹಾಗೆ. ಒಬ್ಬಳನ್ನು ಅಂಗಳದಲ್ಲಿ ನಿಲ್ಲಿಸಿ ಇನ್ನೊಬ್ಬಳನ್ನು ಪಡಸಾಲೆಯಲ್ಲಿ ಕೂರಿಸುವುದಕ್ಕೆ ಕಾರಣವೇನು?

ಪದಮೂಲಗಳ ವಿಷಯದಲ್ಲಿ ನಮ್ಮ ಊಹೆಗಳು ಎಷ್ಟು ಬಾರಿ ತಪ್ಪುತ್ತವೆಂದರೆ, ಊಹಿಸುವುದನ್ನೇ ಬಿಡುವುದು ಲೇಸು. 'ಅಡತಿ', 'ಅಡತ್ಯಾ' ಉರ್ದುವಿನವು ಎಂದು ಹೇಳುವವರು ಹಲವರು. ಅದಕ್ಕೂ ಅರಬಿ, ಫಾರಸಿಗಳಿಗೂ ಸಂಬಂಧವಿಲ್ಲ. ಉತ್ತರ ಭಾರತದ ವ್ಯಾಪಾರಿಗಳ ದೇಸಿ ಪದ ಅದು. 'ಉದ್ರಿ' ಸಂಸ್ಕೃತದ ಉದ್ಧಾರ! ಎತ್ತಿ ಕೊಡುವುದು, ತೆಗೆದು ಕೊಡುವುದು ಎಂಬರ್ಥದಿಂದ ಸಾಲಕ್ಕೆ ಸಂದಿದೆ. 'ಪಗಾರ', 'ಚಾವಿ' ಎರಡನ್ನೂ ಮುಸ್ಲಿಮರ ಮನೆಮಾತಿನವು ಎಂದು ತಿಳಿಯುವುದುಂಟು, ಎರಡೂ ಪೋರ್ಚುಗೀಸ್. ಬೀದರ ಜಿಲ್ಲೆಯ ಹೊಲಗಳನ್ನು ಇಂದು ಆವರಿಸಿರುವ ಸೋಯಾದ ಹೆಸರು ಡಚ್ಚರ ಮೂಲಕ ಜಪಾನಿನಿಂದ ಹೊರಟದ್ದು. ಆ ಪದವನ್ನು ಯಾರೂ ಪರಕೀಯವೆಂದು ಕರೆದಿಲ್ಲ, ಅದನ್ನು ಬೆಳೆಯುವ ರೈತನ ನಿಷ್ಠೆಯನ್ನು ಯಾರೂ ಶಂಕಿಸಿಲ್ಲ.

'ಗಂಜ' ಎಂಬ ಪದವನ್ನೇ ತೆಗೆದುಕೊಳ್ಳಿ. ಫಾರಸಿಯಲ್ಲಿ ಗಂಜ್ ಎಂದರೆ ಭಂಡಾರ, ನಿಧಿ. ಹಿಂದುಸ್ತಾನದಲ್ಲಿ ಅದು ಧಾನ್ಯದ ಪೇಟೆಯಾಯಿತು. ಇದು ಸುಲ್ತಾನರೊಂದಿಗೆ ಬಂದ ಪದವೆಂದು ಹೇಳಿ ಸುಮ್ಮನಾಗಬಹುದಿತ್ತು. ಆದರೆ ಕಾಶ್ಮೀರದ ಕಲ್ಹಣ 12ನೆಯ ಶತಮಾನದಲ್ಲಿ ಬರೆದ ರಾಜತರಂಗಿಣಿಯ ಸಂಸ್ಕೃತದಲ್ಲೇ ಭಂಡಾರದ ಅರ್ಥದಲ್ಲಿ 'ಗಂಜ' ಇದೆ. ಇರಾನಿನ ಹಳೆಯ ಭಾಷೆಗಳಿಂದ ಸಂಸ್ಕೃತ ಅದನ್ನು ಪಡೆದಿತ್ತು. ಹಾಗಾದರೆ ಗಾಂಧಿ ಗಂಜಿನ 'ಗಂಜ' ತತ್ಸಮವೋ, ಅನ್ಯದೇಶ್ಯವೋ? ವ್ಯಾಕರಣದ ಡಬ್ಬಿಗಳು ಇಲ್ಲಿ ಉತ್ತರ ಕೊಡಲಾರವು.

ಹಾಗೆಂದು ಪದಗಳು ಒಂದೇ ಧ್ವನಿಯಲ್ಲಿ ಕೇಳಿಸಿದ ಮಾತ್ರಕ್ಕೆ ನೆಂಟಸ್ತಿಕೆ ಕಟ್ಟುವುದೂ ತಪ್ಪು. 'ಮಾಲು' ಇದ್ದವನು 'ಮಾಲೀಕ' ಎಂದು ಹೇಳುವುದು ಕೇಳಲು ಚೆನ್ನ. ಅರಬಿಯಲ್ಲಿ ಇವೆರಡರ ಧಾತುಗಳೇ ಬೇರೆ. ಊರಿನ ಹೆಸರನ್ನು ಬಿದಿರಿನಿಂದ ಹಿಡಿದು ವಿದುರನವರೆಗೆ ಎಳೆದ ನಮಗೆ ಈ ಎಚ್ಚರ ಹೆಚ್ಚೇ ಬೇಕು.

ಬಂದ ಪದ ಬಂದ ಹಾಗೆ ಉಳಿಯಲಿಲ್ಲ

ನಿಘಂಟು ಒಂದು ಪದದ ಮುಂದೆ 'ಅರಬಿ' ಎಂದು ಬರೆದು ಮುಗಿಸಿದಾಗ ಅದರ ಅರ್ಧ ಬದುಕು ಮಾತ್ರ ದಾಖಲಾಗುತ್ತದೆ. ಇನ್ನರ್ಧ ಇಲ್ಲಿ ನಡೆದದ್ದು. ಅರಬಿಯ 'ವಅದಾ' ಎಂದರೆ ಕೊಟ್ಟ ಮಾತು. ಗಂಜಿನಲ್ಲಿ 'ವಾಯಿದೆ' ಎಂದರೆ ಸಾಲ ತೀರಿಸಬೇಕಾದ ಗಡುವು. ಕೊಟ್ಟ ಮಾತಿಗೆ ಒಂದು ದಿನಾಂಕ ಬಂದು ಸೇರಿದೆ. ದಲಾಲನ ಅರಬಿ ಧಾತುವಿನ ಅರ್ಥ ದಾರಿ ತೋರುವುದು. ಸಾಕ್ಷ್ಯ ಎಂಬರ್ಥದ 'ದಲೀಲ್' ಅದರದೇ ಬಳಗ. ಕೊಳ್ಳುವವನಿಗೂ ಮಾರುವವನಿಗೂ ದಾರಿ ತೋರಿದವನ ಹೆಸರು ನಮ್ಮಲ್ಲಿ 'ದಲ್ಲಾಳಿ'ಯಾಗಿ ಬೈಗುಳದ ಹತ್ತಿರ ಬಂದು ನಿಂತಿದೆ. ಇದರಲ್ಲಿ ಭಾಷೆಯ ದೋಷವೇನೂ ಇಲ್ಲ. ರೈತನ ಅನುಭವ ಪದದೊಳಗೆ ಇಳಿದಿದೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋದ ಪದ 'ರಾಜೀನಾಮೆ'. ಫಾರಸಿ, ಉರ್ದುಗಳಲ್ಲಿ ರಾಜೀನಾಮಾ ಎಂದರೆ ಇಬ್ಬರೂ ಒಪ್ಪಿ ಬರೆದುಕೊಂಡ ಒಡಂಬಡಿಕೆಯ ಪತ್ರ. ಕನ್ನಡದಲ್ಲಿ ಅದು ಹುದ್ದೆ ಬಿಡುವ ಪತ್ರ. ಉರ್ದುವಿನವರು ಇದಕ್ಕೆ 'ಇಸ್ತೀಫಾ' ಎನ್ನುತ್ತಾರೆ. ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರು ಎಂಬ ಕನ್ನಡ ವಾಕ್ಯವನ್ನು ಲಖನೌದವನಿಗೆ ಹೇಳಿದರೆ ಯಾರೊಂದಿಗೆ ರಾಜಿಯಾದರು ಎಂದು ಕೇಳಿಯಾನು. ಹೀಗೆ ಅರ್ಥ ಬದಲಿಸಿಕೊಂಡ ಪದ ಯಾರದು? ಅದನ್ನು ಹೆತ್ತವರದೋ, ಸಾಕಿ ಬೆಳೆಸಿದವರದೋ?

ನಮ್ಮ ಓದುಗರಿಗೆ ವಿಶೇಷವಾಗಿ ತಟ್ಟಬಹುದಾದ ಪದ 'ಬಾಕಿ'. ಅಲ್‌ಬಾಕೀ ಎಂಬುದು ಅಲ್ಲಾಹನ ಶ್ರೇಷ್ಠ ನಾಮಗಳಲ್ಲಿ ಒಂದು. ಎಲ್ಲ ಅಳಿದ ಮೇಲೂ ಉಳಿಯುವವನು. ಹಳೆಯ ಗೋರಿಗಲ್ಲುಗಳ ಮೇಲೆ ಈ ಹೆಸರನ್ನು ಕಂಡಿರುತ್ತೇವೆ. ಗಂಜಿನ ಖಾತೆ ಪುಸ್ತಕದಲ್ಲಿ ಬಾಕಿ ಎಂದರೆ ತೀರದೆ ಉಳಿದ ಸಾಲ. 'ಜಮಾ' ಎಂಬುದು ಜುಮಾ, ಜಮಾಅತ್, ಜಾಮಿಯಾ ಪದಗಳ ಒಡಹುಟ್ಟು. ಜನ ಕೂಡಿದರೆ ಜುಮಾ, ರೊಕ್ಕ ಕೂಡಿದರೆ ಜಮಾ. 'ವಸೂಲಿ'ಯ ಧಾತುವಿನ ಅರ್ಥ ತಲುಪುವುದು, ಸೇರುವುದು. ಸೂಫಿಗಳು ದೇವರಲ್ಲಿ ಸೇರಿದ್ದನ್ನು 'ವಿಸಾಲ್' ಎಂದು ಕರೆಯುವುದು ಅದರಿಂದಲೇ. ಚೀಲ ಹೊರುವ 'ಹಮಾಲ'ನ ಹೆಸರಿನ ಧಾತುವಿಗೆ ಹೊರುವುದು ಎಂದೇ ಅರ್ಥ. ಬಸುರಿಗೆ ಉರ್ದುವಿನಲ್ಲಿ 'ಹಾಮಿಲಾ' ಎನ್ನುತ್ತೇವೆ. ಅಷ್ಟೂ ಪದಗಳು ಮಸೀದಿ, ದರ್ಗಾ, ಮನೆಗಳಲ್ಲಿ ಒಂದರ್ಥದಲ್ಲಿ, ಬಜಾರಿನಲ್ಲಿ ಇನ್ನೊಂದರ್ಥದಲ್ಲಿ ಬದುಕಿವೆ. ಹಿಂದೂ ರೈತ ಎರಡನೆಯದನ್ನು ಮಾತ್ರ ಬಲ್ಲ. ಅದರಿಂದ ಅವನ ಪದ ಕಡಿಮೆಯದಾಗುವುದಿಲ್ಲ, ನಮ್ಮದು ಹೆಚ್ಚಿನದಾಗುವುದೂ ಇಲ್ಲ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಕನ್ನಡಕ್ಕೆ 'ನಾವು' ಸಾವಿರಾರು ಪದ ಕೊಟ್ಟೆವು ಎಂಬ ಮಾತು ನಮ್ಮ ವೇದಿಕೆಗಳಲ್ಲಿ ಆಗಾಗ ಕೇಳಿಬರುತ್ತದೆ. ಈ ಹೆಮ್ಮೆ ಅನ್ಯದೇಶ್ಯದ ಹಣೆಪಟ್ಟಿಯನ್ನು ತಿರುವಿ ಎದೆಗೆ ಅಂಟಿಸಿಕೊಂಡದ್ದು, ಅಷ್ಟೇ. ಈ ಪದಗಳನ್ನು ಹಳ್ಳಿಯ ದಫ್ತರಗಳಿಗೆ ಒಯ್ದವರು ಹೆಚ್ಚಾಗಿ ಕುಲಕರ್ಣಿಗಳು, ದೇಶಪಾಂಡೆಗಳು. ಬಿಜಾಪುರದ ಮೊದಲ ಇಬ್ರಾಹಿಂ ಆದಿಲ್‌ಶಾಹನ (1534-1558) ಕಾಲದಲ್ಲಿ ಲೆಕ್ಕಪತ್ರಗಳನ್ನು ಫಾರಸಿಯಿಂದ ಹಿಂದವಿಗೆ ಬದಲಿಸಲಾಯಿತೆಂದೂ ಬ್ರಾಹ್ಮಣ ಲೆಕ್ಕಿಗರ ಕೈ ಮೇಲಾಯಿತೆಂದೂ ಇತಿಹಾಸಕಾರ ಫೆರಿಶ್ತಾ ಬರೆದಿದ್ದಾನೆ. ಅರಬಿ ಪದವನ್ನು ಬ್ರಾಹ್ಮಣ ಬರೆದ, ಲಿಂಗಾಯತ ವ್ಯಾಪಾರಿ ಆಡಿದ, ಎಲ್ಲ ಜಾತಿಯ ಹಮಾಲರು ಹೊತ್ತರು. ಇದರಲ್ಲಿ ಕೊಟ್ಟವರು ಯಾರು, ಪಡೆದವರು ಯಾರು?

ಪಡೆದದ್ದರ ಲೆಕ್ಕ ಹೇಳುವುದಾದರೆ ನಮ್ಮ ಮನೆಯ ದಖನಿ ಉರ್ದುವಿನದೇ ಮೊದಲು ಹೇಳಬೇಕು. ದಿಲ್ಲಿಯವನು "ಉಸ್‌ನೇ ಕಹಾ ಕಿ ಮೈಂ ಕಲ್ ಆಊಂಗಾ" ಎನ್ನುವಲ್ಲಿ ನಾವು "ಕಲ್ ಆತೂಂ ಬೋಲ್‌ಕೆ ಬೋಲ್ಯಾ" ಎನ್ನುತ್ತೇವೆ. ಇದು 'ನಾಳೆ ಬರ್ತೀನಿ ಅಂತ ಹೇಳಿದ' ಎಂಬ ಕನ್ನಡದ ಕಟ್ಟು. ನಮ್ಮ 'ಬೋಲ್‌ಕೆ' ಎಂಬುದು ಕನ್ನಡದ 'ಅಂತ', ತೆಲುಗಿನ 'ಅನಿ'. ನಮ್ಮ 'ನಕ್ಕೋ' ಮರಾಠಿಯದು. ದಖನಿಯ ಹೆಸರೇ 'ದಕ್ಷಿಣ'ದಿಂದ ಬಂದದ್ದು. ಆದರೂ ಲಖನೌದ ಉರ್ದುವಿನ ಮುಂದೆ ದಖನಿ ಆಡಲು ನಾಚುವವರು ನಮ್ಮಲ್ಲೇ ಇದ್ದಾರೆ. ಬೆಂಗಳೂರು ಬೀದರಿನ ಕನ್ನಡವನ್ನು ನೋಡುವ ಕಣ್ಣಿನಿಂದಲೇ ನಾವು ನಮ್ಮ ತಾಯಿಯ ಮಾತನ್ನು ನೋಡುತ್ತಿದ್ದೇವೆ.

ಗಾಯದ ನೆನಪು

ಉರ್ದು ಪದವೆಂದರೆ ಮುಖ ಸಿಂಡರಿಸುವುದಕ್ಕೆ ಕೇವಲ ಅಜ್ಞಾನ ಕಾರಣವೆಂದರೆ ಪ್ರಾಮಾಣಿಕತೆಯಾಗದು. ನಿಜಾಮರ ರಾಜ್ಯದಲ್ಲಿ ಆಡಳಿತ, ನ್ಯಾಯಾಲಯ, ಉನ್ನತ ಶಿಕ್ಷಣ ಉರ್ದುವಿನಲ್ಲಿದ್ದವು. 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯ ಭಾರತೀಯ ಭಾಷೆಯಲ್ಲಿ ಉನ್ನತ ಶಿಕ್ಷಣ ಕೊಟ್ಟ ದೊಡ್ಡ ಪ್ರಯೋಗ ನಿಜ. ಆದರೆ ಕನ್ನಡ, ಮರಾಠಿ, ತೆಲುಗು ಆಡುವ ಬಹುಸಂಖ್ಯಾತ ಪ್ರಜೆಗಳಿಗೆ ಅವರವರ ಭಾಷೆಯ ಬಾಗಿಲು ಅಲ್ಲಿ ಕಿರಿದಾಗಿತ್ತು. ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು (1890-1999) ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿಯನ್ನು ಈ ಜಿಲ್ಲೆ ಮರೆತಿಲ್ಲ, ಮರೆಯಬಾರದು. ಅದರ ಮೇಲೆ ರಜಾಕಾರರ ದೌರ್ಜನ್ಯ, 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಬೆನ್ನಿಗೆ ಬೀದರ, ಉಸ್ಮಾನಾಬಾದ್ ಮುಂತಾದ ಕಡೆ ಮುಸ್ಲಿಮರ ಮೇಲೆ ನಡೆದ ಹಿಂಸೆ. ಎರಡೂ ಕಡೆ ಗಾಯಗಳಿವೆ. ಗಾಯಗೊಂಡವರು ಪದಗಳನ್ನೂ ಶಂಕೆಯಿಂದ ನೋಡುತ್ತಾರೆ.

ಆದರೆ ಇಲ್ಲಿ ಒಂದು ವ್ಯತ್ಯಾಸವನ್ನು ಗುರುತಿಸಬೇಕು. ಫರ್ಮಾನಿನ ಮೂಲಕ ಹೇರಿದ ಭಾಷೆ ಬೇರೆ, ಕೊಡು ಕೊಳ್ಳುವಾಗ ಬಾಯಿಂದ ಬಾಯಿಗೆ ದಾಟಿದ ಪದ ಬೇರೆ. ನಿಜಾಮರ ಆಡಳಿತ 1948ಕ್ಕೆ ಮುಗಿಯಿತು, 1956ರ ನವೆಂಬರ್ 1ಕ್ಕೆ ಬೀದರ ವಿಶಾಲ ಮೈಸೂರಿಗೆ ಸೇರಿತು. ಉರ್ದು ಆಜ್ಞೆಗಳು ದಫ್ತರ ಸೇರಿದವು. ಬಾಕಿ, ಜಮಾ, ಹಮಾಲ, ಜಲ್ದಿ ಉಳಿದವು. ಯಾರ ಬಲವಂತವೂ ಇಲ್ಲದೆ ಉಳಿದದ್ದೇ ಅವು ಕನ್ನಡದ ಪದಗಳು ಎಂಬುದಕ್ಕೆ ಸಾಕ್ಷಿ. ಪಟ್ಟದ್ದೇವರು ಉಳಿಸಿದ ಕನ್ನಡ ಈ ಪದಗಳನ್ನು ಆಡುತ್ತಿದ್ದ ಮಕ್ಕಳ ಕನ್ನಡವೇ ಆಗಿತ್ತು.

ನಿಘಂಟು ಕೇಳಿಸಿಕೊಂಡದ್ದು ಯಾರನ್ನು?

ಇಂಗ್ಲೆಂಡಿನಲ್ಲಿ ಜೋಸೆಫ್ ರೈಟ್ ಎಂಬವರಿದ್ದರು. 1855ರಲ್ಲಿ ಯಾರ್ಕ್‌ಶೈರಿನ ಬಡ ಕುಟುಂಬದಲ್ಲಿ ಹುಟ್ಟಿ, ಆರನೆಯ ವಯಸ್ಸಿಗೆ ಕಲ್ಲುಗಣಿಯ ಕತ್ತೆಗಾಡಿ ಹೊಡೆದು, ಆಮೇಲೆ ಬಟ್ಟೆ ಗಿರಣಿಯಲ್ಲಿ ದುಡಿದು, ಹದಿನೈದರ ಸುಮಾರಿಗೆ ಅಕ್ಷರ ಕಲಿತು, ಕೊನೆಗೆ ಆಕ್ಸ್‌ಫರ್ಡಿನ ಪ್ರಾಧ್ಯಾಪಕರಾದವರು. ಅವರು 1898ರಿಂದ 1905ರವರೆಗೆ ಆರು ಸಂಪುಟಗಳಲ್ಲಿ ಇಂಗ್ಲಿಷಿನ ಪ್ರಾದೇಶಿಕ ಪದಗಳ ನಿಘಂಟನ್ನು ಹೊರತಂದರು. ಲಂಡನ್ನಿನ ಶಿಷ್ಟರು ಅಶುದ್ಧವೆಂದು ನಗುತ್ತಿದ್ದ ಹಳ್ಳಿಗರ ಪದಗಳನ್ನು ನೂರಾರು ಸ್ವಯಂಸೇವಕರ ನೆರವಿನಿಂದ ಊರೂರಿಂದ ಕೂಡಿಸಿದರು. ಅವರ ಸೀಮೆಯಲ್ಲಿ ಹಳ್ಳಕ್ಕೆ 'ಬೆಕ್' ಎನ್ನುತ್ತಾರೆ, ಆಡುವುದಕ್ಕೆ 'ಲೇಕ್' ಎನ್ನುತ್ತಾರೆ. ಇವು ಇಂಗ್ಲೆಂಡಿನ ಮೇಲೆ ದಂಡೆತ್ತಿ ಬಂದು ನೆಲೆಸಿದ ವೈಕಿಂಗರ ಪದಗಳು. ಲೂಟಿ, ಕೊಲೆಗಳ ಚರಿತ್ರೆ ಅಲ್ಲಿಯೂ ಇದೆ. ಆದರೆ ಸಾವಿರ ವರ್ಷದ ಮೇಲೆ 'ಬೆಕ್' ಎಂದ ಯಾರ್ಕ್‌ಶೈರಿನ ರೈತನನ್ನು ನೀನು ಡೇನನೋ ಇಂಗ್ಲಿಷನೋ ಎಂದು ಯಾರೂ ಕೇಳುವುದಿಲ್ಲ. ಅವನ ಮಾತನ್ನು ಒರಟು ಎಂದು ನಕ್ಕಾರು, ಪರಕೀಯ ಎನ್ನುವುದಿಲ್ಲ. ನಮ್ಮಲ್ಲಿ ಎರಡೂ ಆರೋಪ ಒಟ್ಟಿಗೆ ಬೀಳುತ್ತವೆ.

ಕನ್ನಡದಲ್ಲಿ ಕಿಟೆಲ್ ಅವರ 1894ರ ನಿಘಂಟು ಹಿಂದುಸ್ತಾನಿ, ಮರಾಠಿ ಪದಗಳನ್ನು ಗುರುತಿನೊಂದಿಗೆ ಒಳಗೆ ಬಿಟ್ಟುಕೊಂಡಿತು. ಅದು ದೊಡ್ಡ ಮನಸ್ಸು. ಆದರೆ ಅವರು ನೆಲೆಸಿ ದುಡಿದದ್ದು ಮಂಗಳೂರು, ಮಡಿಕೇರಿ, ಧಾರವಾಡಗಳಲ್ಲಿ. ನಿಜಾಮರ ಸೀಮೆ ಅವರ ಕಾರ್ಯಕ್ಷೇತ್ರವಾಗಿರಲಿಲ್ಲ. ಆಮೇಲೆ ಕನ್ನಡ ಸಾಹಿತ್ಯ ಪರಿಷತ್ತು ಎಂಟು ಸಂಪುಟಗಳ ಮಹಾ ನಿಘಂಟನ್ನು ಸಿದ್ಧಪಡಿಸಿತು. ಶಾಸನ, ಕಾವ್ಯಗಳ ಆಧಾರದಲ್ಲಿ ನಿಂತ ಆ ಕೆಲಸ ಭಾರತೀಯ ಭಾಷೆಗಳಲ್ಲೇ ಹೆಮ್ಮೆಯದು. ಅದರ ಮಿತಿಯೂ ಅಲ್ಲೇ ಇದೆ: ಬರೆದದ್ದಕ್ಕೆ ಆಧಾರ ಸಿಗುತ್ತದೆ, ಕೂಗಿದ್ದಕ್ಕೆ ಸಿಗುವುದಿಲ್ಲ. ಪುಣೆಯ ಡೆಕ್ಕನ್ ಕಾಲೇಜು 1968ರಲ್ಲಿ ಪ್ರಕಟಿಸಿದ ಆರ್. ಮಹಾದೇವನ್ ಅವರ ಕಲಬುರಗಿ ಕನ್ನಡದ ಅಧ್ಯಯನದಂಥವು ಭಾಷಾವಿಜ್ಞಾನಿಗಳ ಕಪಾಟಿನಿಂದ ಶಾಲೆಯ ಮೇಷ್ಟರ ಮೇಜಿಗೆ ಬರಲೇ ಇಲ್ಲ.

ಸಾಹಿತ್ಯ ಈ ಕೊರತೆಯನ್ನು ಸ್ವಲ್ಪ ತುಂಬಿದೆ. ಕಲಬುರಗಿ ಸೀಮೆಯ ಆಡುಮಾತನ್ನು ಧೈರ್ಯದಿಂದ ದುಡಿಸಿಕೊಂಡ ಗೀತಾ ನಾಗಭೂಷಣ ಅವರ 'ಬದುಕು' ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಈ ಕಡೆಯವರು ತಮ್ಮ ಮಾತಿಗೇ ಪ್ರಶಸ್ತಿ ಬಂತೆಂದು ತಿಳಿದದ್ದು ಸಹಜ. ಕರಾವಳಿಯಲ್ಲಿ ಬೊಳುವಾರು ಮಹಮದ್ ಕುಂಞಿ, ಸಾರಾ ಅಬೂಬಕ್ಕರ್ ಮುಸ್ಲಿಂ ಮನೆಯ ಮಾತುಗಳನ್ನು ಕನ್ನಡದ ಪುಟಗಳಿಗೆ ತಂದರು. ಬಾನು ಮುಷ್ತಾಕ್ ಅವರ ಕತೆಗಳಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ಅನುವಾದಕಿ ದೀಪಾ ಭಾಸ್ತಿ ಮಾಡಿದ ಒಂದು ಕೆಲಸ ನಮ್ಮ ವಿಷಯಕ್ಕೆ ಬಹಳ ಹತ್ತಿರದ್ದು. ಕನ್ನಡ, ಉರ್ದು, ಅರಬಿ ಪದಗಳನ್ನು ಇಂಗ್ಲಿಷಿನಲ್ಲಿ ಓರೆ ಅಕ್ಷರದಲ್ಲಿ ಹಾಕದೆ, ಅಡಿಟಿಪ್ಪಣಿ ಕೊಡದೆ, ಉಳಿದ ಪದಗಳ ಪಕ್ಕದಲ್ಲೇ ಕೂರಿಸಿದರು. ಓರೆ ಅಕ್ಷರ ಎಂದರೆ ಮುದ್ರಣದ ಅನ್ಯದೇಶ್ಯ. ಇಂಗ್ಲಿಷ್ ಓದುಗರು ತಾಳಿಕೊಂಡ ಪದಗಳನ್ನು ನಮ್ಮ ಪಠ್ಯಪುಸ್ತಕ ತಾಳಿಕೊಳ್ಳಲಾರದೇ?

ಇದಕ್ಕೆ ವಿರುದ್ಧವಾದ ಸಂಪ್ರದಾಯವೊಂದು ನಮ್ಮ ಸಿನಿಮಾ, ನಾಟಕ, ಹಾಸ್ಯ ಕಾರ್ಯಕ್ರಮಗಳಲ್ಲಿದೆ. 'ನಮ್ದೂಕೆ, ನಿಮ್ದೂಕೆ' ಎನ್ನುವ ಮುಸ್ಲಿಂ ಪಾತ್ರ. ಕರ್ನಾಟಕದ ಎಲ್ಲ ಮುಸ್ಲಿಮರನ್ನೂ ಒಂದೇ ಮುರಿದ ಕನ್ನಡದಲ್ಲಿ ಮಾತಾಡಿಸಿ ನಗಿಸುವುದು ಅದರ ಕೆಲಸ. ಆ ಮಾತನ್ನು ಬೀದರಿನಲ್ಲಿ ಹುಡುಕಿದರೆ ಸಿಗದು. ಗಂಜಿನ ಮುಸ್ಲಿಂ ಹಮಾಲ ಪಕ್ಕದವನ ಹಾಗೆಯೇ 'ಹೊಂಟೀನ್ರಿ', 'ಬಂದಾನ್ರಿ' ಎನ್ನುತ್ತಾನೆ. ಒಬ್ಬನ ಬಾಯಿಂದ ಅವನ ನಿಜವಾದ ಮಾತನ್ನು ಕಿತ್ತುಕೊಂಡು ಸುಳ್ಳು ಮಾತನ್ನು ತುರುಕುವುದು ಹಾಸ್ಯವಲ್ಲ.

ಬಾಕಿ ಉಳಿದ ಕೆಲಸ

ಗಂಜಿನ ಮಾತು ಈಗ ಇನ್ನೊಂದು ಬಗೆಯಲ್ಲಿ ಬದಲಾಗುತ್ತಿದೆ. 2014ರ ಸುಮಾರಿಗೆ ರಾಜ್ಯದ ಎಪಿಎಂಸಿಗಳಲ್ಲಿ ಏಕೀಕೃತ ಮಾರುಕಟ್ಟೆಯ ಇ-ಟೆಂಡರ್ ವ್ಯವಸ್ಥೆ ಬಂತು. ಬೆಲೆ ಕೂಗುವ ಬದಲು ಗಣಕಯಂತ್ರದಲ್ಲಿ ನಮೂದಿಸುವ ಕ್ರಮ. ರೈತನಿಗೆ ಅದರಿಂದ ನ್ಯಾಯದ ಬೆಲೆ ಸಿಗುವುದಾದರೆ ಯಾರೂ ಅಡ್ಡಿ ಹೇಳಬೇಕಿಲ್ಲ. ಆದರೆ ಲಿಲಾವು ನಿಂತಲ್ಲಿ ಲಿಲಾವಿನ ಮಾತೂ ನಿಲ್ಲುತ್ತದೆ. ಲಾಟ್, ಟೆಂಡರ್, ಬಿಡ್, ಆನ್‌ಲೈನ್ ಎಂಬ ಪದಗಳು ಬಂದಿವೆ. ಅವೂ ಬರಲಿ, ಅವೂ ಒಂದು ದಿನ ಕನ್ನಡದ ವಿಭಕ್ತಿ ಹಚ್ಚಿಕೊಂಡು ನಮ್ಮವಾಗುತ್ತವೆ. ಹೋಗುವ ಪದಗಳನ್ನು ಹೋಗುವ ಮುನ್ನ ಬರೆದಿಡುವವರು ಮಾತ್ರ ಬೇಕು.

ಕಲಬುರಗಿಯಲ್ಲಿ ವಿಶ್ವವಿದ್ಯಾಲಯ 1980ರಿಂದ ಇದೆ. ಈಗ ಬೀದರಿಗೇ ಒಂದು ವಿಶ್ವವಿದ್ಯಾಲಯವಿದೆ. 2012ರ 98ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 371(ಜೆ) ವಿಧಿ ಈ ಸೀಮೆಯ ಮಕ್ಕಳಿಗೆ ಶಿಕ್ಷಣ, ಉದ್ಯೋಗಗಳಲ್ಲಿ ಮೀಸಲು ಕೊಟ್ಟಿತು. ಅವರ ಮಾತಿಗೆ ಮರ್ಯಾದೆ ಕೊಡಲು ತಿದ್ದುಪಡಿಯೇನೂ ಬೇಕಿಲ್ಲ. ಬೀದರ, ಭಾಲ್ಕಿ, ಔರಾದ ಕಡೆಯ ಪದಗಳ ಒಂದು ನಿಘಂಟು ಬೇಕು. ಅದರಲ್ಲಿ ಪದದ ಮೂಲ ಮಾತ್ರವಲ್ಲ, ಅದು ಬಂದ ದಾರಿ, ಇಲ್ಲಿ ಪಡೆದ ಅರ್ಥ, ಯಾವ ಕಸುಬಿನವರು ಯಾವ ಸಂದರ್ಭದಲ್ಲಿ ಆಡುತ್ತಾರೆ ಎಂಬ ವಿವರ ಇರಬೇಕು. ಗಂಜಿನ ಹಮಾಲ, ಬಿದರಿ ಕೆಲಸಗಾರ, ಹೊಲದ ಹೆಣ್ಣುಮಗಳು ಅದಕ್ಕೆ ಆಧಾರ ಗ್ರಂಥಗಳಾಗಬೇಕು. ಶಾಲೆಯ ಮೇಷ್ಟರು ಮಗುವಿನ 'ಜಲ್ದಿ'ಯ ಕೆಳಗೆ ಕೆಂಪು ಗೆರೆ ಎಳೆಯುವ ಬದಲು ಪಕ್ಕದಲ್ಲಿ 'ಬೇಗ' ಎಂದು ಬರೆದು, ಎರಡೂ ನಿನ್ನವೇ ಎಂದು ಹೇಳುವಂತಾಗಬೇಕು.

ಕೊನೆಗೆ ಒಂದು ಪದ ಉಳಿಯಿತು: 'ಗರೀಬ'. ಗಂಜಿನಲ್ಲಿ ಹಾಗೆಂದರೆ ಬಡವ. ಅರಬಿಯಲ್ಲಿ ಅದರ ಮೊದಲ ಅರ್ಥ ಬಡವನಲ್ಲ, ಪರದೇಶಿ. ತನ್ನವರಿಲ್ಲದ ಊರಿಗೆ ಬಂದವನು. ಹೊಸ ಊರಿನಲ್ಲಿ ತನ್ನವರೆನ್ನುವವರು ಇಲ್ಲದವನೇ ನಿಜವಾದ ಬಡವ ಎಂದು ಪದ ತನ್ನ ಪ್ರಯಾಣದಲ್ಲಿ ಕಲಿತಿರಬೇಕು. ಗಂಜಿನ ಮಾತುಗಳು ಆರು ನೂರು ವರ್ಷಗಳಿಂದ ಈ ಊರಿನಲ್ಲಿವೆ. ಅವುಗಳನ್ನು ಇನ್ನೂ ಪರದೇಶಿ ಎಂದು ಕರೆದರೆ ಬಡವಾಗುವುದು ಅವುಗಳಲ್ಲ, ಕನ್ನಡ.